ಭವಿಷ್ಯ ನಿಧಿ ಪಿಂಚಣಿ: ಏರಿಕೆ, ಪಾವತಿ ಹಾಗೂ ಮಾಲೀಕರ ಹೊಣೆ

ಕೇಂದ್ರ ಸರ್ಕಾರದ ನಿವೃತ್ತ ನೌಕರರ ಪಿಂಚಣಿಯ ಮೇಲೆ ನೀಡುವ ತುಟ್ಟಿ ಪರಿಹಾರವು ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಿಂದ ಅನ್ವಯವಾಗುವಂತೆ ಪರಿಷ್ಕರಣೆಯಾಗುತ್ತದೆ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವೇ ಇದಕ್ಕೆ ಆಧಾರ. ಆದರೆ ಖಾಸಗಿ ಕೈಗಾರಿಕೆಗಳ ಕಾರ್ಮಿಕರು ಪಡೆಯುವ, ನೌಕರರ ಪಿಂಚಣಿ ಯೋಜನೆ, 1995ರ ಪಿಂಚಣಿಗೆ ಈ ಸೂಚ್ಯಂಕದ ನಂಟಿಲ್ಲ. ಸರ್ಕಾರವು ಪ್ರತ್ಯೇಕವಾಗಿ ತೀರ್ಮಾನಿಸಿದಾಗ ಮಾತ್ರ ಅದು ಏರುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಮಾಸಿಕ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿ ಎಂದು ನಿಗದಿಪಡಿಸಿದ್ದು ಅಂತಹ ತೀರ್ಮಾನ.

ಆದ್ದರಿಂದ ನಿವೃತ್ತಿಯ ದಿನ ನಿರ್ಧಾರವಾಗುವ ಮೊತ್ತವೇ ಬಹುಮಟ್ಟಿಗೆ ಜೀವಿತಾವಧಿಯ ಮೊತ್ತ. ಅದನ್ನು ನಿರ್ಧರಿಸುವುದು ಮಾಲೀಕರು ಸಲ್ಲಿಸಿದ ದಾಖಲೆ.

ಮಾಲೀಕರ ವಂತಿಗೆಯಲ್ಲಿ ವೇತನದ ಶೇ. 8.33ರಷ್ಟು ಪಿಂಚಣಿ ನಿಧಿಗೆ ಸಲ್ಲುತ್ತದೆ. 2014ರ ಸೆಪ್ಟೆಂಬರ್ 1ರಿಂದ ಇದಕ್ಕೆ 15,000 ರೂಪಾಯಿಗಳ ವೇತನ ಮಿತಿಯನ್ನು ಗೊತ್ತುಪಡಿಸಲಾಯಿತು. ಪಿಂಚಣಿಯ ಲೆಕ್ಕ ಸರಳ: ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು.

ಒಂದು ಉದಾಹರಣೆ. 2014ರ ಅಕ್ಟೋಬರ್‌ನಲ್ಲಿ 48ನೇ ವಯಸ್ಸಿಗೆ ಸೇರಿದ ಯಂತ್ರ ಚಾಲಕನೊಬ್ಬ 10 ವರ್ಷ ದುಡಿದು 58ಕ್ಕೆ ನಿವೃತ್ತನಾದನೆಂದು ಭಾವಿಸೋಣ. ಸರಾಸರಿ ವೇತನ 15,000 ರೂಪಾಯಿ ಇದ್ದರೆ ಪಿಂಚಣಿ ಸುಮಾರು 2,143 ರೂಪಾಯಿ. ವಂತಿಗೆ ಉಳಿಸಲೆಂದು ವೇತನವನ್ನು 9,000 ಎಂದು ತೋರಿಸಿದ್ದರೆ ಸಿಗುವುದು 1,286 ಮಾತ್ರ. ಆತನ ಮರಣಾನಂತರ ಪತ್ನಿಗೆ ದೊರೆಯುವ ಪಿಂಚಣಿಯೂ ಇದಕ್ಕನುಗುಣವಾಗಿ ತಗ್ಗುತ್ತದೆ. ನೋಂದಣಿಯನ್ನು ಒಂದು ವರ್ಷ ಮುಂದೂಡಿದ್ದರೆ ಮಾಸಿಕ ಪಿಂಚಣಿಗೆ ಬೇಕಾದ ಕನಿಷ್ಠ 10 ವರ್ಷಗಳ ಅರ್ಹತೆಯೇ ತಪ್ಪಿ, ಒಂದಿಷ್ಟು ಇಡಿಗಂಟು ಪಡೆದು ತೃಪ್ತನಾಗಬೇಕಿತ್ತು.

ಪಾವತಿಯ ವ್ಯವಸ್ಥೆ ಮಾತ್ರ ಸುಧಾರಿಸಿದೆ. ಮೊದಲು ಪ್ರತಿ ಪ್ರಾದೇಶಿಕ ಕಚೇರಿಯೂ ಮೂರು-ನಾಲ್ಕು ಬ್ಯಾಂಕುಗಳೊಡನೆ ಮಾತ್ರ ಒಪ್ಪಂದ ಹೊಂದಿರುತ್ತಿತ್ತು. 2025ರ ಜನವರಿಯಿಂದ ಕೇಂದ್ರೀಕೃತ ಪಾವತಿ ವ್ಯವಸ್ಥೆ ಎಲ್ಲೆಡೆ ಜಾರಿಗೆ ಬಂದಿದ್ದು, ದೇಶದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ಪಿಂಚಣಿ ಪಡೆಯಬಹುದು. ಬೆಂಗಳೂರಿನಲ್ಲಿ ದುಡಿದು ಕಲಬುರಗಿಗೆ ಮರಳುವವರು ಪಿಂಚಣಿ ಪಾವತಿ ಆದೇಶವನ್ನು ವರ್ಗಾಯಿಸಿಕೊಳ್ಳಬೇಕಿಲ್ಲ. ಆದರೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. ತಪ್ಪಿದಲ್ಲಿ ಪಾವತಿ ನಿಲ್ಲುತ್ತದೆ. ಇದನ್ನು ಯಾವ ತಿಂಗಳಲ್ಲಾದರೂ ಸಲ್ಲಿಸಬಹುದು, ಅಂದಿನಿಂದ ಒಂದು ವರ್ಷ ಊರ್ಜಿತವಾಗಿರುತ್ತದೆ. ಅಂಚೆ ಕಚೇರಿ ಹಾಗೂ ಸಾಮಾನ್ಯ ಸೇವಾ ಕೇಂದ್ರಗಳಲ್ಲಿ, ಮೊಬೈಲಿನಲ್ಲಿ ಮುಖಚಹರೆ ದೃಢೀಕರಣದ ಮೂಲಕವೂ ಈ ಸೌಲಭ್ಯವಿದೆ.

ಮಾಲೀಕರು ಗಮನಿಸಬೇಕಾದ ಅಂಶಗಳು ಇವು: ಕಾರ್ಮಿಕನನ್ನು ಸೇರಿದ ದಿನದಿಂದಲೇ ನೋಂದಾಯಿಸುವುದು; ಆಧಾರ್‌ನಲ್ಲಿರುವಂತೆಯೇ ಹೆಸರು, ಜನ್ಮದಿನಾಂಕ ನಮೂದಿಸುವುದು; ನೈಜ ವೇತನದ ಮೇಲೆ ಮುಂದಿನ ತಿಂಗಳ 15ರೊಳಗೆ ವಂತಿಗೆ ಪಾವತಿಸುವುದು; ಕೆಲಸ ಬಿಟ್ಟ ದಿನಾಂಕವನ್ನು ತಪ್ಪದೆ ದಾಖಲಿಸುವುದು. ನಿವೃತ್ತಿಗೆ ಒಂದು ವರ್ಷ ಮೊದಲೇ ಈ ವಿವರಗಳನ್ನು ಕಾರ್ಮಿಕನೊಡನೆ ಕುಳಿತು ತಾಳೆ ನೋಡಿದರೆ, ಲೋಪಗಳನ್ನು ತಿದ್ದಲು ಸಾಕಷ್ಟು ಕಾಲಾವಕಾಶ ಉಳಿಯುತ್ತದೆ.