ಪಾತ್ರಕ್ಕೆ ದುಡ್ಡು ಕಟ್ಟುವ ಗಂಡಸರು, ಪಾತ್ರದಿಂದ ದುಡ್ಡು ದುಡಿಯುವ ಹೆಂಗಸರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಕರಪತ್ರ ಕೈಗೆ ಸಿಕ್ಕರೆ ಒಮ್ಮೆ ಪೂರ್ತಿ ಓದಿ ನೋಡಿ. ಮೇಲೆ ಊರದೇವರ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’, ಆಮೇಲೆ ಪಾತ್ರವರ್ಗ. ದುರ್ಯೋಧನನ ಮುಂದೆ ಒಬ್ಬರ ಹೆಸರು, ಅವರ ತಂದೆಯ ಹೆಸರು, ಕೆಲವು ಸಲ ‘ಮಾಜಿ ಅಧ್ಯಕ್ಷರು, ಗ್ರಾಮ ಪಂಚಾಯಿತಿ’ ಅಂತ ಬಿರುದು. ಕೃಷ್ಣ ಒಬ್ಬನೇ ಇರಬೇಕು ಅಂತೇನಿಲ್ಲ, ಮೂವರೂ ಇರಬಹುದು. ಆ ಪಾತ್ರ ಕೇಳೋರು ಜಾಸ್ತಿ, ಹಾಗಾಗಿ ದೃಶ್ಯ ಹಂಚಿಕೊಂಡಿರ್ತಾರೆ. ಇದೆಲ್ಲ ಮುಗಿದ ಮೇಲೆ ಕೊನೆಯಲ್ಲಿ ‘ಸ್ತ್ರೀ ಪಾತ್ರದಲ್ಲಿ’ ಅಂತ ಒಂದು ಸಾಲು. ತುಮಕೂರಿನವರೋ ಬೆಂಗಳೂರಿನವರೋ ಇಬ್ಬರು ಮೂವರು ಕಲಾವಿದೆಯರ ಹೆಸರು. ಅವರಲ್ಲಿ ದ್ರೌಪದಿ ಯಾರು, ಕುಂತಿ ಯಾರು, ಉತ್ತರೆ ಯಾರು ಅನ್ನೋದು ಎಷ್ಟೋ ಸಲ ಬರೆದೇ ಇರುವುದಿಲ್ಲ.

ಈ ನಾಟಕದ ಲೆಕ್ಕ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಇಲ್ಲಿ ಗಂಡಸರು ನಟಿಸಿ ಸಂಬಳ ತಗೊಳ್ಳೋದಿಲ್ಲ, ಪಾತ್ರಕ್ಕೆ ತಾವೇ ದುಡ್ಡು ಕಟ್ಟುತ್ತಾರೆ. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ವಿದುರನಿಗೆ, ಸೈನ್ಯಾಧಿಪತಿಗೆ ಕಡಿಮೆ. ಆ ದುಡ್ಡಲ್ಲಿ ಹಾರ್ಮೋನಿಯಂ ಮೇಷ್ಟ್ರಿಗೆ, ಡ್ರಾಮಾ ಸೀನರಿಯವರಿಗೆ, ಬಣ್ಣದವರಿಗೆ, ಮೈಕ್‌ನವರಿಗೆ ಕೊಡುತ್ತಾರೆ. ಸ್ತ್ರೀ ಪಾತ್ರದ ಕಲಾವಿದೆಯರಿಗೂ ಇದರಿಂದಲೇ. ಅಂದರೆ ಒಂದೇ ರಂಗಸ್ಥಳದ ಮೇಲೆ ಗಂಡು ಪಾತ್ರಕ್ಕೆ ದುಡ್ಡು ಕೊಟ್ಟು ಬಂದಿರುತ್ತಾನೆ, ಹೆಣ್ಣು ದುಡ್ಡಿಗಾಗಿ ಬಂದಿರುತ್ತಾಳೆ. ಅವನಿಗದು ಹವ್ಯಾಸ ಮತ್ತು ಮರ್ಯಾದೆ, ಅವಳಿಗದು ದುಡಿಮೆ. ಅವನ ಕೊರಳಿಗೆ ನೆಂಟರಿಷ್ಟರು ಹಾರ ಹಾಕಿ ಫೋಟೋ ತೆಗೆಸಿಕೊಳ್ತಾರೆ. ಅವಳ ಬಗ್ಗೆ ‘ಡ್ರಾಮಾದವಳು’ ಅಂತ ಒಂದು ಮಾತು ಹಾರುತ್ತೆ.

‘ಲಿಂಗ ಪಾತ್ರ’ ಅನ್ನುವ ಪದವನ್ನು ಸಮಾಜಶಾಸ್ತ್ರದ ಪುಸ್ತಕದಲ್ಲಿ ಮೊದಲು ಓದಿದಾಗ ನನಗೆ ನೆನಪಾಗಿದ್ದು ಈ ಕರಪತ್ರವೇ. ಪಾತ್ರ ಅಂದರೆ ಹೊರಗಿನಿಂದ ಕೊಟ್ಟಿದ್ದು, ಕಲಿತು ಆಡುವಂಥದ್ದು, ಮೈಯ ಜೊತೆ ಹುಟ್ಟಿಬಂದದ್ದಲ್ಲ ಅನ್ನುವ ಅರ್ಥ ಆ ಪದದಲ್ಲೇ ಇದೆ. ಹಂಚುವಾಗ ಯಾರು ಕಟ್ಟಬೇಕು, ಯಾರಿಗೆ ಹಾರ ಅನ್ನೋದನ್ನು ಮಾತ್ರ ಆ ಪುಸ್ತಕ ಹೇಳಿರಲಿಲ್ಲ.

ಅರವತ್ತು ಪದಗಳ ಪಟ್ಟಿ

ಮನಃಶಾಸ್ತ್ರದಲ್ಲಿ ‘ಆಂಡ್ರೋಜಿನಿ’ ಅನ್ನುವ ಪದ ಇದೆ. ಗಂಡು, ಹೆಣ್ಣು ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಸೇರಿಸಿ ಮಾಡಿದ್ದು. ನಮ್ಮಲ್ಲಿ ಕೆಲವರು ಇದನ್ನು ಉಭಯಲಿಂಗತ್ವ ಅಂತಾರೆ; ನನಗೆ ‘ಅರ್ಧನಾರೀಶ್ವರ ಗುಣ’ ಅನ್ನೋದು ಹತ್ತಿರ. ಇದು ಟ್ರಾನ್ಸ್‌ಜೆಂಡರ್ ಗುರುತಿನ ವಿಷಯ ಅಲ್ಲ. ಅದು ತಾನು ಯಾರು ಅನ್ನುವ ಅಸ್ಮಿತೆಯ, ಹಕ್ಕಿನ ಪ್ರಶ್ನೆ. 2014ರಲ್ಲಿ ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ ಅದನ್ನು ಒಪ್ಪಿತು, 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ಕೊಟ್ಟಿತು. ಆಂಡ್ರೋಜಿನಿ ಅನ್ನೋದು ಗುಣದ ಮಾತು: ಒಬ್ಬ ಮನುಷ್ಯನಲ್ಲಿ, ಆತ ಗಂಡಾಗಲಿ ಆಕೆ ಹೆಣ್ಣಾಗಲಿ, ಸಮಾಜ ‘ಗಂಡಿನದು’ ಅಂತ ಕರೆಯುವ ಗುಣಗಳೂ ‘ಹೆಣ್ಣಿನದು’ ಅಂತ ಕರೆಯುವ ಗುಣಗಳೂ ಒಟ್ಟಿಗೆ ಬಲವಾಗಿರೋದು.

ಇದನ್ನು ಅಳೆಯೋಕೆ ಹೊರಟವರು ಅಮೆರಿಕದ ಸಾಂಡ್ರಾ ಬೆಮ್. ಅಲ್ಲಿಯವರೆಗೆ ಗಂಡುತನ ಮತ್ತು ಹೆಣ್ಣುತನವನ್ನು ಒಂದೇ ಹಗ್ಗದ ಎರಡು ತುದಿ ಅಂತ ತಿಳಿದಿದ್ದರು. ಇತ್ತ ಸರಿದಷ್ಟೂ ಅತ್ತ ಕಮ್ಮಿ. ಬೆಮ್ 1974ರಲ್ಲಿ ಎರಡನ್ನೂ ಬೇರೆ ಬೇರೆ ಅಳತೆ ಮಾಡಿದರು. ಒಟ್ಟು 60 ಗುಣಪದಗಳು: 20 ಗಂಡಿನವು, 20 ಹೆಣ್ಣಿನವು, 20 ಎರಡಕ್ಕೂ ಸೇರದವು. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಬೇಕು. ಎರಡೂ ಪಟ್ಟಿಯಲ್ಲಿ ಹೆಚ್ಚು ಬಂದವರು ಆಂಡ್ರೋಜಿನಸ್.

ಮುಂದಿನ ವರ್ಷ ಪ್ರಕಟವಾದ ಅವರ ಪ್ರಯೋಗ ನನಗೆ ಇಷ್ಟ. ಒಂದು ಕಡೆ, ಸುತ್ತಲಿನವರು ಒತ್ತಾಯಿಸಿದರೂ ತನ್ನ ಅಭಿಪ್ರಾಯಕ್ಕೆ ನಿಲ್ಲುತ್ತಾರಾ ಅಂತ ನೋಡಿದರು. ಇನ್ನೊಂದು ಕಡೆ, ಕೈಗೊಂದು ಬೆಕ್ಕಿನ ಮರಿ ಕೊಟ್ಟು ಅದರ ಜೊತೆ ಆಡುತ್ತಾರಾ ಅಂತ ನೋಡಿದರು. ಬರೀ ‘ಗಂಡುಗುಣ’ ತುಂಬಿದ ಗಂಡಸರು ಮರಿಯ ಜೊತೆ ಅಷ್ಟಾಗಿ ಆಡಲಿಲ್ಲ. ಎರಡೂ ಗುಣ ಇದ್ದವರು ಎರಡು ಕಡೆಯೂ ಸಲೀಸಾಗಿದ್ದರು.

ಆ ಪಟ್ಟಿ ತಯಾರಾದ ಬಗೆಯಲ್ಲಿ ಮಾತ್ರ ಒಂದು ತೊಡಕಿದೆ. ಅಮೆರಿಕದ ಸಮಾಜದಲ್ಲಿ ಗಂಡಿಗೆ ಯಾವ ಗುಣ ಚೆಂದ, ಹೆಣ್ಣಿಗೆ ಯಾವುದು ಚೆಂದ ಅಂತ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿ ಆರಿಸಿದ್ದು. ಗಂಡಿನ ಕಡೆ ಸ್ವಾವಲಂಬನೆ, ಮಹತ್ವಾಕಾಂಕ್ಷೆ, ನಾಯಕತ್ವ. ಹೆಣ್ಣಿನ ಕಡೆ ಕರುಣೆ, ಮೃದುತ್ವ, ಮಕ್ಕಳ ಮೇಲಿನ ಪ್ರೀತಿ. ಅವುಗಳ ಜೊತೆಗೇ ‘ಬೇಗ ಮರುಳಾಗುವ’, ‘ಮಗುವಿನಂಥ’ ಅನ್ನುವವೂ ಇವೆ! ಆಮೇಲಿನ ಅಧ್ಯಯನಗಳಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು: ಆಂಡ್ರೋಜಿನಸ್ ಜನರ ಆತ್ಮವಿಶ್ವಾಸ ಬಹುಪಾಲು ಬರುತ್ತಿದ್ದದ್ದು ಅವರ ‘ಗಂಡು’ ಅಂಕಗಳಿಂದ. ಯಾಕೆ ಅಂತ ಕೇಳಿದರೆ ಉತ್ತರ ಮನಸ್ಸಿನೊಳಗಿಲ್ಲ, ಹೊರಗಿದೆ. ಸಮಾಜ ಬೆಲೆ ಕಟ್ಟೋದು ಆ ಗುಣಗಳಿಗೇ. ಬೆಮ್ ಇಂಥ ಟೀಕೆಗಳ ನಡುವೆ ಸುಮ್ಮನೆ ಕೂರಲಿಲ್ಲ. 1981ರಲ್ಲೇ ಪ್ರಶ್ನೆಯನ್ನು ತಿರುಗಿಸಿದರು: ಯಾರಲ್ಲಿ ಎಷ್ಟು ಗಂಡು ಎಷ್ಟು ಹೆಣ್ಣು ಅನ್ನೋದಿರಲಿ, ನಾವು ಜಗತ್ತನ್ನೆಲ್ಲ ಗಂಡು-ಹೆಣ್ಣು ಅಂತ ವಿಂಗಡಿಸಿಯೇ ನೋಡುವ ಅಭ್ಯಾಸ ಎಲ್ಲಿಂದ ಬಂತು? ನನಗೆ ಅವರ ಪಟ್ಟಿಗಿಂತ ಈ ಪ್ರಶ್ನೆಯೇ ದೊಡ್ಡದು ಅನ್ನಿಸುತ್ತೆ.

ಹೆಂಗರುಳು ಮತ್ತು ಗಂಡೆದೆ

ಈ ಪಟ್ಟಿ ನಮ್ಮ ಮಾತಿನಲ್ಲೂ ಇದೆ. ಕರುಣೆ ಇರುವ ಗಂಡಸಿಗೆ ಕನ್ನಡ ‘ಹೆಂಗರುಳು’ ಅನ್ನುತ್ತೆ. ಹೆಣ್ಣಿನ ಕರುಳು ಇರುವವನು, ಪಕ್ಕಾ ಹೊಗಳಿಕೆ. ಧೈರ್ಯದ ಹೆಂಗಸಿಗೆ ‘ಗಂಡೆದೆ’ ಅನ್ನುತ್ತೆ, ಅದೂ ಹೊಗಳಿಕೆಯೇ. ನಮ್ಮ ಹಿರಿಯರಿಗೆ ಒಂದು ಮೈಯಲ್ಲಿ ಎರಡು ಗುಣ ಇರಬಹುದು ಅಂತ ತಿಳಿದಿತ್ತು ಅನ್ನೋಕೆ ಈ ಎರಡು ಪದ ಸಾಕು. ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಅಂದ ಜೇಡರ ದಾಸಿಮಯ್ಯನ ವಚನವನ್ನಂತೂ ಭಾಷಣಕಾರರು ಬಿಡುವುದೇ ಇಲ್ಲ.

ಆದರೆ ಅದೇ ನಾಲಿಗೆಯಲ್ಲಿ ‘ಹೆಣ್ಣಿಗ’ ಇದೆ, ‘ಗಂಡುಬೀರಿ’ ಇದೆ. ಕರುಳು ಒಳಗಿದ್ದಷ್ಟು ಹೊತ್ತು ಹೆಂಗರುಳು. ಅದು ನಡಿಗೆಯಲ್ಲಿ, ದನಿಯಲ್ಲಿ, ಕೈ ಆಡಿಸುವುದರಲ್ಲಿ ಕಂಡರೆ ಹೆಣ್ಣಿಗ. ಎದೆಗಾರಿಕೆ ಗಂಡನ ಮನೆ ಉಳಿಸೋಕೆ ಬಂದರೆ ಗಂಡೆದೆ. ಅವಳ ಸ್ವಂತಕ್ಕೆ ಬಂದರೆ ಗಂಡುಬೀರಿ. ಕೊರಿಯಾದ ಬಿಟಿಎಸ್ ಹುಡುಗರು ತುಟಿಗೆ ಬಣ್ಣ ಹಚ್ಚಿದರೆ ನಮ್ಮ ಕಾಲೇಜು ಹುಡುಗಿಯರ ಫೋನಿನಲ್ಲಿ ವಾಲ್‌ಪೇಪರ್ ಆಗುತ್ತೆ, ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅದೇ ಬಣ್ಣ ಹಚ್ಚಿ ನಿಂತ ಹುಡುಗ ರೀಲ್ಸ್ ಆಗ್ತಾನೆ.

‘ಅಳೋ ಗಂಡಸನ್ನ, ನಗೋ ಹೆಂಗಸನ್ನ ನಂಬಬೇಡ’ ಅಂತ ಗಾದೆ ಬೇರೆ. ಈ ಗಾದೆಯ ಊರಲ್ಲೇ ಕುರುಕ್ಷೇತ್ರ ನಾಟಕ ನಡೆಯೋದು. ಅಭಿಮನ್ಯು ಸತ್ತಾಗ ಅರ್ಜುನ ಅಳುತ್ತಾನೆ. ಕುಂತಿ ತನ್ನ ತಾಯಿ ಅಂತ ತಿಳಿದಾಗ ಕರ್ಣ ಅಳುತ್ತಾನೆ. ಮಕ್ಕಳನ್ನೆಲ್ಲ ಕಳಕೊಂಡ ಧೃತರಾಷ್ಟ್ರ ಅಳುತ್ತಾನೆ. ಹಾರ್ಮೋನಿಯಂ ಎಳೆದಷ್ಟೂ ಎಳೆಯುತ್ತೆ, ಕೆಳಗೆ ಕೂತವರು ‘ಒನ್ಸ್ ಮೋರ್’ ಅಂತಾರೆ, ಅಳುವವನು ಅದೇ ಹಾಡು ಮತ್ತೆ ಹೇಳಿ ಮತ್ತೆ ಅಳುತ್ತಾನೆ. ಇಡೀ ಊರಿನ ಮುಂದೆ ಬಾಯಿಬಿಟ್ಟು ಅಳೋಕೆ ಗಂಡಸಿಗೆ ಸಿಗುವ ಜಾಗ ಬಹುಶಃ ಇದೊಂದೇ. ಆ ಅಳುವಿಗಾಗಿ ಅವನು ತಿಂಗಳುಗಟ್ಟಲೆ ತಾಲೀಮು ಮಾಡಿ, ದುಡ್ಡು ಕಟ್ಟಿ ಬಂದಿರ್ತಾನೆ. ಇದನ್ನು ನಾನು ತಮಾಷೆಗೆ ಹೇಳ್ತಿಲ್ಲ.

ಸೀರೆ ಉಟ್ಟ ಗಂಡಸರು ಎಲ್ಲಿ ಹೋದರು

ಒಂದು ಕಾಲಕ್ಕೆ ಗಂಡಸಿಗೆ ಇದಕ್ಕಿಂತ ದೊಡ್ಡ ಅವಕಾಶ ಇತ್ತು. ನಮ್ಮ ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ಮುಖವೀಣೆಯ ದನಿಗೆ ಕುಣಿದ ದ್ರೌಪದಿಯರು, ಸುಭದ್ರೆಯರು ಗಂಡಸರೇ. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಯಲ್ಲೂ ಮೊದಮೊದಲು ಗಂಡಸರೇ ಸೀರೆ ಉಟ್ಟರು. ಆಚೆ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವ ಸೀರೆ ಉಟ್ಟ ಬಗೆಯನ್ನು ನೋಡಿ ಮನೆ ಹೆಂಗಸರು ಹಾಗೆ ಉಡೋಕೆ ಕಲಿತರು. ಹೆಣ್ಣು ಹೇಗಿರಬೇಕು ಅನ್ನೋದನ್ನು ಹೆಣ್ಣಿಗೆ ಒಬ್ಬ ಗಂಡು ಹೇಳಿಕೊಟ್ಟ ಹಾಗಾಯಿತು!

ಆ ಕಾಲವನ್ನು ಹಂಬಲಿಸಿ ಬರೆಯೋಕೆ ನನಗೆ ಮನಸ್ಸಿಲ್ಲ. ಗಂಡಸರು ಸೀರೆ ಉಟ್ಟದ್ದು ಅವರ ಮನಸ್ಸು ವಿಶಾಲವಾಗಿತ್ತು ಅಂತಲ್ಲ, ಹೆಂಗಸರು ರಂಗಕ್ಕೆ ಬರೋದು ನಿಷಿದ್ಧವಾಗಿತ್ತು ಅಂತ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮನವರಂಥ ನಟಿಯರು ಮಿಂಚಿದ್ದು ಗೆಲುವೇ. ಅದರ ಜೊತೆಗೆ ಒಂದು ಬಾಗಿಲು ಮುಚ್ಚಿಕೊಂಡಿತು ಅನ್ನುವುದೂ ನಿಜ. ಹೆಣ್ಣು ಬಂದ ಮೇಲೆ ಹೆಣ್ಣುಪಾತ್ರ ಹೆಣ್ಣಿಗೆ, ಗಂಡುಪಾತ್ರ ಗಂಡಿಗೆ ಅಂತ ಗಟ್ಟಿಯಾಗಿ ಭಾಗವಾಯಿತು. ಕರಾವಳಿಯ ಯಕ್ಷಗಾನದಲ್ಲಿ ಸ್ತ್ರೀವೇಷ ಇವತ್ತೂ ಗಂಡಸಿನ ಒಂದು ವಿದ್ಯೆಯಾಗಿ ಉಳಿದಿದೆ. ಮಂಟಪ ಪ್ರಭಾಕರ ಉಪಾಧ್ಯರ ಏಕವ್ಯಕ್ತಿ ಪ್ರದರ್ಶನ ನೋಡಿದವರಿಗೆ ಗೊತ್ತು. ನಮ್ಮ ಬಯಲುಸೀಮೆಯ ಕುರುಕ್ಷೇತ್ರದಲ್ಲಿ ಅದು ಹೆಚ್ಚುಕಮ್ಮಿ ಮುಗಿದ ಕತೆ. ಈಗ ಹಳ್ಳಿಯ ಗಂಡಸು ಸೀರೆ ಉಟ್ಟು ರಂಗಕ್ಕೆ ಬಂದರೆ ಅದು ಹಾಸ್ಯದ ಸೀನ್, ಸೀರೆಯೇ ಜೋಕ್.

ದೇವರ ವಿಷಯದಲ್ಲಿ ಮಾತ್ರ ಯಾರೂ ನಗೋದಿಲ್ಲ. ಬೆಂಗಳೂರು ಕರಗದಲ್ಲಿ ತಿಗಳ ಸಮುದಾಯದ ಪೂಜಾರಿ ಬಳೆ ತೊಟ್ಟು ದ್ರೌಪದಿಯ ಶಕ್ತಿಯಾಗಿ ಕರಗ ಹೊರುತ್ತಾರೆ, ಲಕ್ಷಾಂತರ ಜನ ಕೈಮುಗಿಯುತ್ತಾರೆ. ನಮ್ಮ ಊರುಗಳಲ್ಲಿ ಮೀಸೆ ಹೊತ್ತ ಗಂಡಸಿನ ಮೈಮೇಲೆ ಅಮ್ಮ ಬಂದಾಗ ಎಲ್ಲರೂ ಅವನನ್ನು ‘ತಾಯಿ’ ಅಂತಲೇ ಮಾತಾಡಿಸ್ತಾರೆ. ಬೆಳಗಾದರೆ ಅವನು ಮತ್ತೆ ಯಥಾಪ್ರಕಾರ ಯಜಮಾನ.

ಇನ್ನೊಂದು ದಿಕ್ಕಿನ ದಾರಿ ತೆಗೆದವರು ಆರ್. ನಾಗರತ್ನಮ್ಮ. 1958ರಲ್ಲಿ ಬೆಂಗಳೂರಿನಲ್ಲಿ ಹೆಂಗಸರೇ ತುಂಬಿದ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಕಂಸ, ರಾವಣ, ಭೀಮ, ದುರ್ಯೋಧನ, ಎಲ್ಲ ಅವರೇ. ಗದೆ ಹೊತ್ತು ಅಬ್ಬರಿಸುವ ಹೆಂಗಸನ್ನು ನೋಡೋಕೆ ಊರೂರು ಸೇರಿತು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಅವರ ನಂತರವೂ ಹೆಂಗಸರೇ ಎಲ್ಲ ಪಾತ್ರ ಮಾಡುವ ಕುರುಕ್ಷೇತ್ರ ಪ್ರದರ್ಶನಗಳು ಅಲ್ಲಲ್ಲಿ ನಡೆಯುತ್ತಿವೆ. ಇಲ್ಲಿ ಗಮನಿಸಬೇಕಾದ್ದು: ಹೆಣ್ಣು ಭೀಮನಾದರೆ ಚಪ್ಪಾಳೆ, ಗಂಡು ದ್ರೌಪದಿಯಾದರೆ ನಗು. ಬೆಮ್ ಪಟ್ಟಿಯಲ್ಲಿ ಕಂಡದ್ದೇ ಇಲ್ಲೂ ಇದೆ. ಹೆಣ್ಣು ಗಂಡಿನ ಗುಣ ತಗೊಂಡರೆ ಮೇಲೇರಿದಳು ಅಂತ, ಗಂಡು ಹೆಣ್ಣಿನ ಗುಣ ತಗೊಂಡರೆ ಕೆಳಗಿಳಿದ ಅಂತ. ಹಾಗಾಗಿ ಆಂಡ್ರೋಜಿನಿ ಅಂದರೆ ‘ಎರಡನ್ನೂ ಸಮವಾಗಿ ಬೆರೆಸು’ ಅಂತ ಬೋಧಿಸುವವರ ಮೇಲೆ ನನಗೆ ಅನುಮಾನ. ಒಂದರ ಬೆಲೆ ರೂಪಾಯಿ, ಇನ್ನೊಂದರ ಬೆಲೆ ನಾಲ್ಕಾಣೆ ಇರುವಾಗ ಸಮ ಎಲ್ಲಿಂದ ಬರಬೇಕು?

ರಂಗದಿಂದ ಇಳಿದರೂ ಇದೇ ಲೆಕ್ಕ. ಪಾವಗಡದ ಬರಕ್ಕೆ ಗಂಡಸರು ಬೆಂಗಳೂರು ಸೇರಿದಾಗ ಶೇಂಗಾ ಬಿತ್ತಿ, ಕಳೆ ತೆಗೆದು, ಸಾಲ ತೀರಿಸಿದ ಹೆಂಗಸರಿದ್ದಾರೆ. ಅವರು ಆಡಿದ್ದು ‘ಗಂಡಿನ ಪಾತ್ರ’ವನ್ನೇ. ತಿರುಮಣಿ, ವಳ್ಳೂರು ಕಡೆ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬಂದಾಗ ಸುಮಾರು 13,000 ಎಕರೆಗೆ ಗುತ್ತಿಗೆ ಗೊತ್ತಾಯಿತು. ಶುರುವಿಗೆ ವರ್ಷಕ್ಕೆ ಎಕರೆಗೆ 21,000 ರೂಪಾಯಿ. ದುಡ್ಡು ಹೋಗೋದು ಪಹಣಿಯಲ್ಲಿ ಹೆಸರಿರುವವರಿಗೆ. ಪಹಣಿಯಲ್ಲಿ ಹೆಚ್ಚಾಗಿ ಯಾರ ಹೆಸರಿರುತ್ತೆ ಅಂತ ನಿಮಗೆ ಗೊತ್ತು. ಅದೇ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದ, ಜಮೀನಿಲ್ಲದ ಹೆಂಗಸರಿಗೆ ಹೊಲವೂ ಹೋಯಿತು, ಕೂಲಿಯೂ ಹೋಯಿತು. ಕರಪತ್ರದ ಕೊನೆಯ ಸಾಲಿನಲ್ಲೂ ಅವರಿಲ್ಲ.

ಈಚೆಗೆ ಮಧುಗಿರಿ ಕಡೆಯ ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನು ಮಾತಾಡಿಸಿದ್ದೆ. ಎಷ್ಟೋ ಊರಿನ ಗಂಡಸರಿಗೆ ಹಾಡು ಕಲಿಸಿದವರು. ಊರಿನ ಹುಡುಗಿಯೇ ಅಭಿಮನ್ಯು ಮಾಡ್ತೀನಿ ಅಂತ ಬಂದರೆ ಕಲಿಸ್ತೀರಾ ಅಂತ ಕೇಳಿದೆ.

“ಶ್ರುತಿ ಇದ್ರೆ ಯಾಕೆ ಕಲಿಸಲ್ಲ ಕಣಮ್ಮ, ಆರಾಮಾಗಿ ಕಲಿಸ್ತೀನಿ. ಮನೆಯೋರು ಕಳಿಸಬೇಕಲ್ಲ” ಅಂದರು.

“ಹುಡುಗ ಬಂದು ಉತ್ತರೆ ಮಾಡ್ತೀನಿ ಅಂದ್ರೆ?”

ಅವರು ನಗಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ, “ಉತ್ತರೆ ಹಾಡು ಬಲು ಚೆಂದ ಐತೆ. ಆದ್ರೆ ಆ ಪಾರ್ಟಿಗೆ ದುಡ್ಡು ಯಾರು ಕಟ್ತಾರಮ್ಮ?” ಅಂದರು.