ಹೆಸರು ದೊಡ್ಡದು, ಹೂರಣವೇನು?

ಪರೀಕ್ಷೆಗಳ ಫಲಿತಾಂಶ ಬರುವ ಹೊತ್ತಿಗೆ ಕಂಪ್ಯೂಟರ್ ತರಬೇತಿಯ ಜಾಹೀರಾತುಗಳೂ ಬರುತ್ತವೆ. 'ಫುಲ್ ಸ್ಟ್ಯಾಕ್ ಕಲಿಯಿರಿ', 'ಸರ್ವರ್‌ಲೆಸ್ ಕಲಿಯಿರಿ' ಎಂಬ ಕರೆ ಅವುಗಳಲ್ಲಿರುತ್ತದೆ. ಮಗಳಿಗೆ ಸೇರುವ ಆಸೆ. ಶುಲ್ಕ ಕಟ್ಟಬೇಕಾದ ತಂದೆಗೆ ಆ ಪದಗಳ ಅರ್ಥವೇ ತಿಳಿಯದು. ಎಷ್ಟೋ ವೇಳೆ ಮಗಳಿಗೂ ತಿಳಿದಿರುವುದಿಲ್ಲ.

ಇವುಗಳಿಗೆ ಹೆದರಬೇಕಾಗಿಲ್ಲ. ಜಾಲತಾಣವನ್ನು ಒಂದು ಊಟದ ಹೋಟೆಲ್ ಎಂದು ಭಾವಿಸಿದರೆ, ಗಿರಾಕಿಗಳು ಕೂರುವ ಹಜಾರವೂ ತಿಂಡಿಗಳ ಪಟ್ಟಿಯೂ 'ಫ್ರಂಟ್ ಎಂಡ್'. ಗಿರಾಕಿಯ ಕಣ್ಣಿಗೆ ಬೀಳದ ಅಡುಗೆಮನೆ 'ಬ್ಯಾಕ್ ಎಂಡ್'. ದಿನಸಿ ಜೋಡಿಸಿಟ್ಟ ಉಗ್ರಾಣ 'ಡೇಟಾಬೇಸ್'. ಈ ಮೂರು ಕಡೆಯ ಕೆಲಸವನ್ನೂ ಬಲ್ಲವರು 'ಫುಲ್ ಸ್ಟ್ಯಾಕ್' ಪರಿಣತರು.

ಪುಟಗಳನ್ನು ಒದಗಿಸುವ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. 'ಸರ್ವರ್‌ಲೆಸ್' ಎಂದರೆ ಅದು ಇಲ್ಲವೇ ಇಲ್ಲ ಎಂದಲ್ಲ. ಅದು ಬೇರೊಂದು ಕಂಪನಿಯ ಬಳಿ ಇರುತ್ತದೆ. ನಿರ್ವಹಣೆ ಅವರದು, ಬಳಸಿದಷ್ಟಕ್ಕೆ ಹಣ ಕೊಟ್ಟರಾಯಿತು. ಮದುವೆಯ ಅಡುಗೆಯನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಒಲೆಯೇ ಉರಿಯಲಿಲ್ಲ ಎನ್ನಲಾದೀತೆ?

ಕೆಲವೊಮ್ಮೆ ವಸ್ತು ಹಳೆಯದು, ಹೆಸರು ಮಾತ್ರ ಹೊಸದು. ಪುಟವನ್ನೆಲ್ಲ ಮತ್ತೆ ತರಿಸದೆ ಬೇಕಾದ ಭಾಗವನ್ನಷ್ಟೇ ತರಿಸುವ ವಿಧಾನವೊಂದಿದೆ. ಎಲೆ ಬದಲಿಸದೆ ಸಾರು ಮಾತ್ರ ಬಡಿಸಿದ ಹಾಗೆ. ಜೆಸ್ಸಿ ಜೇಮ್ಸ್ ಗ್ಯಾರೆಟ್ 2005ರಲ್ಲಿ ಇದಕ್ಕೆ 'ಏಜಾಕ್ಸ್' ಎಂದು ಹೆಸರಿಟ್ಟರು. ಆದರೆ ಇದಕ್ಕೆ ಬೇಕಾದ ಸಲಕರಣೆ 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿಯೇ ಇತ್ತು. ಈಗ ಆ ಹೆಸರಿನ ಸದ್ದು ಅಡಗಿದೆ, ಕೆಲಸ ನಿಂತಿಲ್ಲ. ಹುಡುಕು ಪೆಟ್ಟಿಗೆಯಲ್ಲಿ ಎರಡಕ್ಷರ ಒತ್ತಿದೊಡನೆ ಸಲಹೆಗಳು ಇಳಿದು ಬರುವುದು ಇಂಥ ವಿಧಾನದಿಂದಲೇ.

ಹೆಸರು ದಾರಿ ತಪ್ಪಿಸುವುದೂ ಉಂಟು. ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರಲ್ಲಿ ಹೊಸ ಭಾಷೆಯೊಂದರ ಮೊದಲ ರೂಪವನ್ನು ಹತ್ತು ದಿನಗಳಲ್ಲಿ ಸಿದ್ಧಪಡಿಸಿದರು. ಅದರ ಹೆಸರು ಮೊದಲು ಮೋಕಾ, ಬಳಿಕ ಲೈವ್‌ಸ್ಕ್ರಿಪ್ಟ್. ಆಗ ಜನಪ್ರಿಯವಾಗಿದ್ದ ಜಾವಾದ ಹೆಸರಿನ ಬಲ ಪಡೆಯಲು ಅದೇ ವರ್ಷ ಜಾವಾಸ್ಕ್ರಿಪ್ಟ್ ಎನಿಸಿಕೊಂಡಿತು. ಅವೆರಡೂ ಬೇರೆ ಬೇರೆ ಭಾಷೆಗಳು. ಒಂದನ್ನು ಕಲಿಯಬೇಕಾದವರು ಇನ್ನೊಂದಕ್ಕೆ ಶುಲ್ಕ ಕಟ್ಟಿದರೆ ಸಮಯವೂ ಹಣವೂ ವ್ಯರ್ಥ.

ಹೆಸರುಗಳ ಈ ಗದ್ದಲದ ನಡುವೆ ಉಳಿದುಬಂದದ್ದು ಯಾವುದು? ಟಿಮ್ ಬರ್ನರ್ಸ್-ಲೀ ಅವರ ವೆಬ್ 1991ರಲ್ಲಿ ಜಗತ್ತಿಗೆ ತೆರೆದುಕೊಂಡಾಗಲೇ ಇದ್ದ ಎಚ್‌ಟಿಎಂಎಲ್ ಪುಟದ ಅಸ್ಥಿಪಂಜರ. 1996ರಲ್ಲಿ ಮಾನಕವಾದ ಸಿಎಸ್‌ಎಸ್ ಅದರ ಉಡುಪು. ಜಾವಾಸ್ಕ್ರಿಪ್ಟ್ ಅದರ ಚಲನೆ. ಒಂದು ಕಂಪ್ಯೂಟರ್ ಇದ್ದರೆ ಈ ಮೂರರ ಅಭ್ಯಾಸವನ್ನು ಮನೆಯಲ್ಲೇ, ಖರ್ಚಿಲ್ಲದೆ ಆರಂಭಿಸಬಹುದು.

ತರಬೇತಿಗೆ ಸೇರುವ ಮುನ್ನ ಪಾಲಕರು ಕೇಳಬೇಕಾದ ಪ್ರಶ್ನೆಗಳು ಎರಡೇ. ಈ ಪದ ಸೂಚಿಸುವ ಕೆಲಸ ಯಾವುದು? ತರಬೇತಿಯ ಕೊನೆಗೆ ವಿದ್ಯಾರ್ಥಿ ಸ್ವಂತವಾಗಿ ಏನನ್ನು ಮಾಡಿ ತೋರಿಸಬಲ್ಲಳು? ಸರಳ ಮಾತಿನಲ್ಲಿ ಉತ್ತರ ಸಿಕ್ಕಿದರೆ ಮಾತ್ರ ಹಣ ಕಟ್ಟುವ ವಿಚಾರ ಮಾಡಬಹುದು.