ಮನೆಯ ಅಂತರ್ಜಾಲದಲ್ಲಿ ಸರದಿಯ ನ್ಯಾಯ

ದ್ವಿತೀಯ ಬಿ.ಎ. ತರಗತಿಯ ವಿದ್ಯಾರ್ಥಿ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ನಾನು ರೂಟರಿನ ವಿಷಯವಾಗಿ ಲೇಖನ ಬರೆಯಹೊರಟುದನ್ನು ಕಂಡು ಎಂಜಿನಿಯರಿಂಗ್ ಓದುತ್ತಿರುವ ಮಿತ್ರರು ನಗಬಹುದು. ನಗಲಿ. ಹಿಟ್ಟಿನ ಗಿರಣಿಯ ಮುಂದೆ ಡಬ್ಬ ಹಿಡಿದು ಕಾದಿರುವ ಯಾರಿಗಾದರೂ ಅರ್ಥವಾಗುವ ವಿಷಯವಿದು. ಮೇಲಾಗಿ ನಾನು ಇದನ್ನು ಕಲಿತದ್ದು ಜ್ಞಾನದಾಹದಿಂದಲ್ಲ. ಮಾಡಿದ ತಪ್ಪೊಂದರ ಪ್ರಾಯಶ್ಚಿತ್ತವಾಗಿ.

ಕಳೆದ ವರ್ಷ ನಮ್ಮ ಅಕ್ಕನಿಗೆ ಕೆಲಸದ ಸಂದರ್ಶನವೊಂದು ಬಂದಿತು. ಅದು ನಡೆಯಬೇಕಾಗಿದ್ದುದು ವಿಡಿಯೋ ಕರೆಯಲ್ಲಿ. ಅಂದು ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಕುಕ್ಕರ್ ಕೂಗೀತೆಂದು ತಾಯಿಯವರು ಒಲೆಯನ್ನೇ ಆರಿಸಿದರು. ತಂದೆಯವರು ಟಿ.ವಿ. ನಿಲ್ಲಿಸಿ ಜಗುಲಿಯ ಮೇಲೆ ಹೋಗಿ ಕುಳಿತರು. ನಾನು ಒಳಕೋಣೆಯಲ್ಲಿ, ಸದ್ದೇ ಇಲ್ಲದ ಕೆಲಸವೆಂದುಕೊಂಡು, ಕಾಲೇಜು ವಾರ್ಷಿಕೋತ್ಸವದ ವಿಡಿಯೋವನ್ನು ಸ್ನೇಹಿತರಿಗಾಗಿ ಅಂತರ್ಜಾಲಕ್ಕೆ ಏರಿಸುತ್ತಿದ್ದೆ. ಐದು ನಿಮಿಷ ಕಳೆಯುವುದರೊಳಗೆ ನಡುಮನೆಯಿಂದ ಅಕ್ಕನ ದನಿ ಕೇಳಿಸಿತು: "ಸರ್, ಕೇಳಿಸುತ್ತಿದೆಯೇ? ಮತ್ತೆ ಹೇಳಲೇ?" ಅವಳ ಮಾತು ಅವರಿಗೆ ತುಂಡು ತುಂಡಾಗಿ ತಲಪುತ್ತಿತ್ತು; ಅವರ ಪ್ರಶ್ನೆಗೆ ಅವಳು ಉತ್ತರಿಸುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆ ಕೇಳಿಬಿಡುತ್ತಿದ್ದರು. ಕೊನೆಗೆ ಕರೆ ಕಡಿದುಹೋಯಿತು. ಆ ಕೆಲಸ ಅವಳಿಗೆ ದೊರೆಯಲಿಲ್ಲ.

"ನೀನೇನಾದರೂ ಮಾಡ್ತಿದ್ಯೇನೋ?" ಎಂದಳು ಅಕ್ಕ. "ಏನೂ ಇಲ್ಲಕ್ಕ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ; ವಿಡಿಯೋ ಏರಿಸುವುದಕ್ಕೂ ಅವಳ ಮಾತಿಗೂ ಸಂಬಂಧವಿದೆಯೆಂಬುದೇ ನನಗೆ ತಿಳಿದಿರಲಿಲ್ಲ. ತಂದೆಯವರು, "ವೇಗ ಸಾಲದು. ತಿಂಗಳಿಗೆ ಇನ್ನಷ್ಟು ದುಡ್ಡು ಹೋದರೆ ಹೋಗಲಿ, ದೊಡ್ಡ ಪ್ಲಾನ್ ಹಾಕಿಸೋಣ" ಎಂದರು. ಈ ಔಷಧಿ ಸರಿಯೇ ಎಂದು ಹುಡುಕಹೊರಟಾಗ, ರೋಗವೇ ಬೇರೆ ಎಂದು ತಿಳಿದುಬಂದಿತು.

ನಮ್ಮ ಮನೆಯ ಸಂಪರ್ಕದಲ್ಲಿ ಒಳಬರುವ ವೇಗ ಸೆಕೆಂಡಿಗೆ 20 ಮೆಗಾಬಿಟ್, ಹೊರಹೋಗುವ ವೇಗ 2 ಮೆಗಾಬಿಟ್. ಅಕ್ಕನ ವಿಡಿಯೋ ಕರೆಗೆ ಹೊರಗೆ ಬೇಕಾದುದು ಸುಮಾರು 1 ಮೆಗಾಬಿಟ್; ಬರಿಯ ಮಾತಿಗಾದರೆ ಅದರ ಹತ್ತನೆಯ ಒಂದು ಪಾಲೂ ಧಾರಾಳವಾಯಿತು. ಅಂದಮೇಲೆ ದಾರಿ ಸಾಲದೆ ಹೋಯಿತೆನ್ನುವಂತಿಲ್ಲ. ಹಾಗಾದರೆ ಅವಳ ಮಾತು ಎಲ್ಲಿ ಸಿಕ್ಕಿಕೊಂಡಿತು?

ಇಲ್ಲಿ ವಾಚಕರು ನನ್ನೊಡನೆ ಗಿರಣಿಗೆ ಬರಬೇಕು. ಹತ್ತು ಮೂಟೆ ಗೋಧಿಯನ್ನು ಗಾಡಿಯಲ್ಲಿ ತಂದ ವ್ಯಾಪಾರಿಯೊಬ್ಬನು ಮುಂದೆ ನಿಂತಿದ್ದಾನೆ. ಅವನ ಹಿಂದೆ ಎರಡು ಸೇರು ರಾಗಿ ಹಿಡಿದ ಅಜ್ಜಿಯೊಬ್ಬಳು ನಿಂತಿದ್ದಾಳೆ. ಅಜ್ಜಿಯ ಕೆಲಸ ಎರಡು ನಿಮಿಷದ್ದು. ಆದರೆ ಬಂದವರಿಗೆ ಬಂದ ಸರದಿಯೆಂದು ಗಿರಣಿಯವನು ಹಟ ಹಿಡಿದರೆ ಆಕೆ ಮಧ್ಯಾಹ್ನದವರೆಗೆ ಕಾಯಬೇಕು. ಗಿರಣಿಯ ಕಲ್ಲು ಚಿಕ್ಕದೆಂದು ಇದಕ್ಕೆ ಹೆಸರಿಡಲಾದೀತೇ? ತಪ್ಪು ಕಲ್ಲಿನದಲ್ಲ, ಸರದಿಯದು.

ಅಂತರ್ಜಾಲದಲ್ಲಿಯೂ ಹೀಗೆಯೇ. ನಾವು ಕಳುಹಿಸುವ ಚಿತ್ರವಾಗಲಿ ಮಾತಾಗಲಿ ಇಡಿಯಾಗಿ ಹೋಗುವುದಿಲ್ಲ. ಸಾಮಾನ್ಯವಾಗಿ 1500 ಬೈಟ್ ಮೀರದ ತುಂಡುಗಳಾಗಿ ಹೋಗುತ್ತದೆ. ಈ ತುಂಡುಗಳಿಗೆ ಪ್ಯಾಕೆಟ್ ಎಂದು ಹೆಸರು. ಮಾತಿನ ಪ್ಯಾಕೆಟ್ ತೀರ ಚಿಕ್ಕದು. ಸಾಮಾನ್ಯವಾಗಿ ಸೆಕೆಂಡಿಗೆ 50ರಂತೆ ಹೊರಡುತ್ತದೆ. ದೊಡ್ಡ ಕಡತವನ್ನು ಏರಿಸುವಾಗ ದೊಡ್ಡ ಪ್ಯಾಕೆಟ್‌ಗಳು ಸಾವಿರಗಟ್ಟಲೆ ನುಗ್ಗುತ್ತವೆ. ದಾರಿ ಕಿರಿದಾಗುವ ಕಡೆ, ಎಂದರೆ ಮನೆಯ ರೂಟರ್ ಅಥವಾ ಮೋಡೆಮ್‌ನಲ್ಲಿ, ಇವೆಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಆ ಸಾಲಿನಲ್ಲಿ ಅರ್ಧ ಮೆಗಾಬೈಟ್ ಸರಕು ನಿಂತಿದೆಯೆಂದಿಟ್ಟುಕೊಳ್ಳಿ. ಅದು 4 ಮೆಗಾಬಿಟ್‌ಗೆ ಸಮ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಅದು ಕರಗಲು 2 ಸೆಕೆಂಡು ಬೇಕು. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಸಂಭಾಷಣೆ ಸರಾಗವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ ಇದೆ. ಅಕ್ಕನ ಮಾತಾದರೋ ಮನೆಯ ಹೊಸ್ತಿಲು ದಾಟುವುದಕ್ಕೇ ಅದರ ಹತ್ತರಷ್ಟಕ್ಕಿಂತ ಹೆಚ್ಚು ಕಾಲ ಕಾದಿತ್ತು!

ಸಿನಿಮಾ ನೋಡುವವರಿಗೆ ಈ ಕಷ್ಟ ಇಷ್ಟಿಲ್ಲ. ಸಿನಿಮಾ ತೋರಿಸುವ ತಂತ್ರಾಂಶವು ಮುಂದಿನ ದೃಶ್ಯಗಳನ್ನು ಕಣಜದಲ್ಲಿ ಕಾಳು ತುಂಬಿದಂತೆ ಮೊದಲೇ ತುಂಬಿಟ್ಟುಕೊಳ್ಳುತ್ತದೆ. ಕೆಲವು ಕ್ಷಣ ಸರಕು ತಡವಾದರೂ ನಡೆಯುತ್ತದೆ. ಮಾತಿಗೆ ಅಂತಹ ಕಣಜವಿಲ್ಲ. ಆಡಿದ ಮಾತು ಆಗಲೇ ಮುಟ್ಟಬೇಕು. ಆದರೂ ಹೊರಹೋಗುವ ಸಾಲು ತುಂಬಿದಾಗ ಸಿನಿಮಾ ಕೂಡ ತಡವರಿಸುವುದುಂಟು. ಏಕೆಂದರೆ ಬಂದ ಸರಕಿಗೆ "ಮುಟ್ಟಿತು" ಎಂಬ ರಸೀದಿಯನ್ನು ನಾವು ಹಿಂದಕ್ಕೆ ಕಳುಹಿಸಬೇಕು. ರಸೀದಿಯೂ ಅದೇ ಸಾಲಿನಲ್ಲಿ ನಿಂತರೆ ಕಳುಹಿಸುವವರು ಕೈ ಬಿಗಿಹಿಡಿಯುತ್ತಾರೆ.

ಈ ನೂಕುನುಗ್ಗಲು ಹೊಸದಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯಕ್ಕೂ ಅದರ ಪಕ್ಕದಲ್ಲಿಯೇ ಇರುವ ಬರ್ಕಲಿಯ ವಿಶ್ವವಿದ್ಯಾಲಯಕ್ಕೂ ನಡುವೆ ಸೆಕೆಂಡಿಗೆ 32 ಕಿಲೋಬಿಟ್ ಇದ್ದ ವೇಗ ದಟ್ಟಣೆಯಿಂದ 40 ಬಿಟ್‌ಗೆ ಇಳಿದುಹೋಯಿತು. ಆಗ ವ್ಯಾನ್ ಜೇಕಬ್‌ಸನ್ ಮೊದಲಾದವರು ಒಂದು ಶಿಸ್ತನ್ನು ರೂಪಿಸಿ 1988ರಲ್ಲಿ ಪ್ರಕಟಿಸಿದರು: ಪ್ಯಾಕೆಟ್ ಕಳೆದುಹೋದರೆ ದಾರಿ ತುಂಬಿದೆಯೆಂದು ತಿಳಿದು ಕಳುಹಿಸುವವನೇ ವೇಗ ತಗ್ಗಿಸಬೇಕು. ಆದರೆ ಮುಂದೆ ಯಂತ್ರಗಳಲ್ಲಿ ನೆನಪಿನ ಸ್ಥಳ ಅಗ್ಗವಾಯಿತು. ಪ್ಯಾಕೆಟ್ ಕಳೆಯಬಾರದೆಂಬ ಸದುದ್ದೇಶದಿಂದ ಸಾಲು ನಿಲ್ಲುವ ಜಾಗವನ್ನು ದೊಡ್ಡದು ಮಾಡಿದರು. ಪ್ಯಾಕೆಟ್ ಕಳೆಯದಿದ್ದುದರಿಂದ ಕಳುಹಿಸುವವನಿಗೆ ಎಚ್ಚರಿಕೆ ಮುಟ್ಟಲಿಲ್ಲ. ಸಾಲು ಬೆಳೆಯುತ್ತಲೇ ಹೋಯಿತು. ಜಿಮ್ ಗೆಟ್ಟಿಸ್ ಎಂಬ ತಂತ್ರಜ್ಞರು 2010ರಲ್ಲಿ ತಮ್ಮ ಮನೆಯಲ್ಲಿಯೇ ಈ ತೊಂದರೆಯನ್ನು ಕಂಡು, ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ಸಾಲಿನ ಹೊಟ್ಟೆಯುಬ್ಬರ ಎಂದು ನಾವು ಕರೆಯಬಹುದು.

ಮದ್ದು ಎರಡು ಬಗೆಯದು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್‌ಸನ್ ಸೂಚಿಸಿದ ಕೋಡೆಲ್ ಎಂಬ ವಿಧಾನ ಸಾಲು ಎಷ್ಟುದ್ದವಿದೆಯೆಂದು ನೋಡುವುದಿಲ್ಲ. ಪ್ಯಾಕೆಟ್ ಎಷ್ಟು ಹೊತ್ತು ಕಾದಿತೆಂದು ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದೆ 100 ಮಿಲಿಸೆಕೆಂಡು ಮುಂದುವರಿದರೆ ಒಂದು ಪ್ಯಾಕೆಟ್ಟನ್ನು ಬೇಕೆಂದೇ ಕೆಡವುತ್ತದೆ. ಕಳುಹಿಸುವವನು ಸೂಚನೆಯರಿತು ಹಿಂದೆ ಸರಿಯುತ್ತಾನೆ. ಎರಡನೆಯದು ಒಂದೇ ಸಾಲಿನ ಬದಲು ಪ್ರತಿಯೊಂದು ಹರಿವಿಗೂ ಬೇರೆ ಸಾಲು ಕೊಟ್ಟು ಸರದಿಯಂತೆ ಒಂದಿಷ್ಟು ಒಂದಿಷ್ಟು ಬಿಡುವುದು; ಸ್ವಲ್ಪವೇ ಸರಕಿನೊಡನೆ ಬಂದವರನ್ನು ಮೊದಲು ಕಳುಹಿಸುವುದು. ಅಜ್ಜಿಯ ರಾಗಿ ಮೊದಲು, ಆಮೇಲೆ ಮೂಟೆ. ಇವೆರಡನ್ನೂ ಕೂಡಿಸಿದ ಎಫ್‌ಕ್ಯೂ-ಕೋಡೆಲ್ ವಿಧಾನದ ವಿವರ 2018ರಲ್ಲಿ ಆರ್.ಎಫ್.ಸಿ. 8290 ಎಂಬ ಅಂತರ್ಜಾಲ ಪತ್ರವಾಗಿ ಪ್ರಕಟವಾಯಿತು.

ಇನ್ನು ಮನೆಯಲ್ಲಿ ನಾನು ಮಾಡಿದ ಕೆಲಸ. ಮೊದಲು ರೋಗಪರೀಕ್ಷೆ. ಪಿಂಗ್ ಎಂಬ ಆಜ್ಞೆಯಿಂದ ಒಂದು ಪ್ಯಾಕೆಟ್ ಹೋಗಿಬರುವ ಕಾಲವನ್ನು ಅಳೆಯಬಹುದು. ಮನೆಯಲ್ಲಿ ಯಾರೂ ಬಳಸದಿದ್ದಾಗ 30 ಮಿಲಿಸೆಕೆಂಡು ಬಂದಿತು. ಅದೇ ವಿಡಿಯೋವನ್ನು ಮತ್ತೆ ಏರಿಸುತ್ತ ಅಳೆದೆ: 1800! ಆ ಅಂಕಿಯನ್ನು ಕಂಡಾಗ ನನ್ನ ಮುಖ ಸಣ್ಣದಾಯಿತು. ಅಂದೇ ಸಂಜೆ ಅಕ್ಕನೆದುರು ತಪ್ಪೊಪ್ಪಿಕೊಂಡೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಿದ್ದಾಯ್ತು, ಮೊದಲು ಅದನ್ನ ಸರಿಮಾಡು" ಎಂದಳು.

ರೂಟರಿನ ಪುಟವನ್ನು ತೆರೆದು ಕ್ವಾಲಿಟಿ ಆಫ್ ಸರ್ವಿಸ್ ಎಂಬ ಭಾಗವನ್ನು ಹುಡುಕಿದೆ. ಅಲ್ಲಿ ಯಾವ ಉಪಕರಣಕ್ಕೆ ಅಗ್ರಸ್ಥಾನವೆಂದು ಕೇಳಿತು. ಮನುಷ್ಯಸ್ವಭಾವ, ನನ್ನ ಫೋನಿಗೇ ಕೊಟ್ಟೆ. ಅಂದು ರಾತ್ರಿ ಫೋನು ತನ್ನಷ್ಟಕ್ಕೆ ತಾನೇ ದೊಡ್ಡದೊಂದು ಆವೃತ್ತಿಯನ್ನು ಇಳಿಸಿಕೊಳ್ಳತೊಡಗಿತು. ತಂದೆಯವರ ಕ್ರಿಕೆಟ್ ಪಂದ್ಯ ಕೊನೆಯ ಓವರಿನಲ್ಲಿ ಸ್ತಬ್ಧವಾಯಿತು. ಅಗ್ರಸ್ಥಾನ ಕೊಡಬೇಕಾದುದು ಆಳಿಗಲ್ಲ, ಕೆಲಸಕ್ಕೆ ಎಂಬ ಪಾಠವನ್ನು ಅವರ ಬೈಗುಳದಿಂದ ಕಲಿತೆ.

ಆಮೇಲೆ ಅಗ್ರಸ್ಥಾನದ ಪಟ್ಟಿಯನ್ನು ಅಳಿಸಿ, ಎಫ್‌ಕ್ಯೂ-ಕೋಡೆಲ್ ಇರುವ ಸ್ಮಾರ್ಟ್ ಕ್ಯೂ ವ್ಯವಸ್ಥೆಯನ್ನು ಆರಿಸಿದೆ. ವೇಗದ ಮಿತಿಯನ್ನು ಅಳೆದ ವೇಗಕ್ಕಿಂತ ಶೇಕಡಾ 10ರಷ್ಟು ಕಡಿಮೆ ಇಟ್ಟೆ: ಒಳಕ್ಕೆ 18, ಹೊರಕ್ಕೆ 1.8. ಕೈಯಲ್ಲಿರುವ ವೇಗವನ್ನು ಬಿಟ್ಟುಕೊಡುವುದೇಕೆಂದು ತಂದೆಯವರು ಕೇಳಿದರು. ಗಿರಣಿ ಅರೆಯುವುದಕ್ಕಿಂತ ಸ್ವಲ್ಪ ಕಡಿಮೆಯನ್ನೇ ನಾವು ಕಳುಹಿಸಿದರೆ ಸಾಲು ಗಿರಣಿಯ ಮುಂದೆ ಬೆಳೆಯದು. ನಮ್ಮ ಅಂಗಳದಲ್ಲಿ ನಿಲ್ಲುತ್ತದೆ. ಅಂಗಳದ ಸಾಲಿನಲ್ಲಿ ಯಾರು ಮೊದಲೆಂದು ತೀರ್ಮಾನಿಸುವವರು ನಾವೇ. ಮತ್ತೆ ವಿಡಿಯೋ ಏರಿಸುತ್ತ ಅಳೆದೆ. 1800 ಇದ್ದುದು 45ಕ್ಕೆ ಇಳಿದಿತ್ತು. ಹೆಚ್ಚಿನ ಪ್ಲಾನ್ ಹಾಕಿಸಲಿಲ್ಲ.

ಇದು ಸರ್ವರೋಗಕ್ಕೂ ಮದ್ದೆಂದು ಹೇಳಲಾರೆ. ದಾರಿಯೇ ನಿಜವಾಗಿ ಕಿರಿದಾಗಿದ್ದರೆ ಯಾವ ಸರದಿಯೂ ಅದನ್ನು ಅಗಲ ಮಾಡದು. ವೈಫೈ ಕ್ಷೀಣವಾಗಿದ್ದರೆ ರೂಟರಿನ ಹತ್ತಿರ ಕುಳಿತುಕೊಳ್ಳಬೇಕು, ಇಲ್ಲವೇ ತಂತಿ ಎಳೆಯಬೇಕು. ಒಳಬರುವ ಸಾಲು ಸೇವೆ ಒದಗಿಸುವವರ ಕಡೆ ಇರುವುದರಿಂದ ಅದರ ಮೇಲೆ ನಮ್ಮ ಹಿಡಿತ ಅರೆಬರೆಯದು. ಎಲ್ಲ ರೂಟರುಗಳಲ್ಲಿಯೂ ಈ ಸೌಲಭ್ಯವಿರುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶವನ್ನು ಒಪ್ಪಿಕೊಳ್ಳುವ ರೂಟರಾದರೆ ಅದರಲ್ಲಿ ಪಡೆಯಬಹುದು. ಅದೂ ಇಲ್ಲದವರು ಮನೆಯಲ್ಲಿ ಯಾರಾದರೂ ಮುಖ್ಯವಾದ ಕರೆಯಲ್ಲಿರುವಾಗ ಫೋಟೋ, ವಿಡಿಯೋ ಏರಿಸುವುದನ್ನು ನಿಲ್ಲಿಸಿದರೂ ಅರ್ಧ ತೊಂದರೆ ಕಳೆದಂತೆ.

ಎರಡು ತಿಂಗಳ ನಂತರ ಅಕ್ಕನಿಗೆ ಇನ್ನೊಂದು ಸಂದರ್ಶನ ಬಂದಿತು. ಈ ಸಲ ತಾಯಿಯವರು ಒಲೆ ಆರಿಸಲಿಲ್ಲ, ಅಡಿಗೆಮನೆಯ ಬಾಗಿಲು ಮುಂದೆ ಮಾಡಿದರು, ಅಷ್ಟೆ. ತಂದೆಯವರು ಕೋಣೆಯಲ್ಲಿ ಸದ್ದಡಗಿಸಿ ಪಂದ್ಯ ನೋಡುತ್ತಿದ್ದರು. ನಾನು ಮಾತ್ರ, ಸರದಿಯ ಮೇಲೆ ಎಷ್ಟೇ ನಂಬಿಕೆಯಿದ್ದರೂ, ಫೋನನ್ನು ಆರಿಸಿ ಜಗುಲಿಯ ಮೇಲೆ ಕುಳಿತಿದ್ದೆ. ನಲವತ್ತು ನಿಮಿಷ ಕಿವಿಗೊಟ್ಟು ಕೇಳಿದೆ. "ಮತ್ತೆ ಹೇಳಲೇ?" ಎಂಬ ಮಾತು ಅಕ್ಕನ ಬಾಯಿಂದ ಒಮ್ಮೆಯೂ ಬರಲಿಲ್ಲ.